ಕಿಟಕಿ ತೆರೀತಿಲ್ಲ ಅಂದ್ರೆ ಮೊದಲು ಕೇಳಿ: ಯಾವ ಮಷೀನಿನ ಸ್ಕ್ರೀನು?

ಪ್ರಶ್ನೆ: ಅಕ್ಕಾ, ನಾನು ಶಿರಸಿ ಕಡೆಯವಳು, ಈಗ ಗೋವಾದ ವಾಸ್ಕೋದಲ್ಲಿದ್ದು ಸಮುದ್ರದ ಉಷ್ಣಾಂಶದ ಡೇಟಾ ಮೇಲೆ ಪಿಎಚ್‌ಡಿ ಮಾಡ್ತಿದ್ದೀನಿ. ಹೊಸ ಲ್ಯಾಪ್‌ಟಾಪಿಗೆ ಉಬುಂಟು 24.04 ಅನ್ನೋ ಲಿನಕ್ಸ್ ಹಾಕಿದೆ. ಲೆಕ್ಕ ಎಲ್ಲಾ ಓಡೋದು ಪುಣೆಯಲ್ಲಿರೋ ಸರ್ವರಿನಲ್ಲಿ. ಅಲ್ಲಿಗೆ ಲಾಗಿನ್ ಆಗಿ ಯಾವ ಗ್ರಾಫಿಕ್ ಪ್ರೋಗ್ರಾಂ ಕೊಟ್ರೂ ‘ಕಾಂಟ್ ಓಪನ್ ಡಿಸ್‌ಪ್ಲೇ, ಕೋಲನ್ ಸೊನ್ನೆ’ ಅಂತ ಬರುತ್ತೆ. ಎಕ್ಸ್‌ಹೋಸ್ಟ್ ಪ್ಲಸ್ ಕೊಟ್ಟೆ, ಸುಡೋ ಹಾಕಿ ನೋಡಿದೆ, ಸೀನಿಯರ್ ಹತ್ರ ಬ್ಯಾಶ್‌ಆರ್‌ಸಿ (ಲಾಗಿನ್ ಆದ ತಕ್ಷಣ ಮಷೀನು ಓದೋ ಸೆಟ್ಟಿಂಗ್) ಫೈಲ್ ತಗೊಂಡು ಕಾಪಿ ಮಾಡ್ಕೊಂಡೆ, ಏನೂ ಆಗ್ಲಿಲ್ಲ. ಗೈಡ್ ಕೊಟ್ಟ ಹಳೇ ಪ್ಲಾಟ್ ಪ್ರೋಗ್ರಾಂ ಲ್ಯಾಪ್‌ಟಾಪಿನಲ್ಲಿ ಓಡಿಸಿದ್ರೆ ಫೈಲ್ ಕಣ್ಣೆದುರಿಗೇ ಇದ್ರೂ ‘ನೋ ಸಚ್ ಫೈಲ್’ ಅನ್ನುತ್ತೆ. ಅದೇ ಪ್ರೋಗ್ರಾಂ ಲ್ಯಾಬಿನ ಇನ್ನೊಂದು ಮಷೀನಿನಲ್ಲಿ ಲಿಬ್‌ಎಕ್ಸ್‌ಎಂ ಡಾಟ್ ಎಸ್‌ಓ ಡಾಟ್ 3 ಅನ್ನೋ ಲೈಬ್ರರಿ ಫೈಲ್ ಇಲ್ಲ ಅಂತು, ಯಾರೋ ಹೇಳಿದ್ರು ಅಂತ 4ಕ್ಕೆ ಲಿಂಕ್ ಮಾಡಿದೆ, ತೆರೀತು, ಮೆನು ಒತ್ತಿದ ತಕ್ಷಣ ಸತ್ತೋಯ್ತು, ಅಕ್ಷರಾನೂ ಸರಿ ಇರ್ಲಿಲ್ಲ. ನನ್ನ ಗೆಳತಿ ಮ್ಯಾಕ್‌ನಿಂದ ಹೋಗ್ತಾಳೆ, ಅವಳಿಗೆ ಕೆಲಸ ಮಾಡುತ್ತೆ, ಆದ್ರೆ ಸ್ವಲ್ಪ ಹೊತ್ತಾದ ಮೇಲೆ ಹೊಸ ಕಿಟಕಿ ಬರಲ್ಲ. ಎಲ್ಲಾ ಫಾರ್ಮ್ಯಾಟ್ ಮಾಡಿ ಮತ್ತೆ ಶುರು ಮಾಡ್ಲಾ?

ಉತ್ತರ: ಫಾರ್ಮ್ಯಾಟ್ ಮಾತ್ರ ಮಾಡ್ಬೇಡಿ, ದಯವಿಟ್ಟು. ನೀವು ಹೇಳಿರೋದರಲ್ಲಿ ಒಂದೂ ಫಾರ್ಮ್ಯಾಟಿಗೆ ಹೋಗೋ ರೋಗ ಅಲ್ಲ, ಮತ್ತೆ ಹಾಕಿದ್ರೂ ನಾಳೆ ಇದೇ ಎರರ್ ಇದೇ ಜಾಗದಲ್ಲಿ ಬಂದು ನಿಂತಿರುತ್ತೆ, ಒಂದು ದಿನ ಹೋಗಿರುತ್ತೆ ಅಷ್ಟೇ. ನಾನು ಇಲ್ಲಿ ಪುಣೆಯಲ್ಲಿ ಕೂತು ಇಪ್ಪತ್ತು ವರ್ಷದ ಮೇಲಾಯ್ತು ಇದೇ ಕೆಲಸ ಮಾಡ್ತಾ, ನಿಮ್ಮಂಥ ಹುಡುಗ ಹುಡುಗೀರು ಕೋಥ್ರೂಡಿನ ನಮ್ಮನೆಗೇ ಲ್ಯಾಪ್‌ಟಾಪ್ ಹಿಡ್ಕೊಂಡು ಬರ್ತಾರೆ, ಬಂದವರಲ್ಲಿ ಹೆಚ್ಚಿನವರಿಗೆ ಗೊತ್ತಿಲ್ದೆ ಇರೋದು ಒಂದೇ ವಿಷಯ, ಅದನ್ನ ಮೊದಲು ಹೇಳ್ತೀನಿ. ಕಮ್ಯಾಂಡ್‌ಗಳನ್ನ ಫೋನಿನಲ್ಲಿ ಓದಿ ಹೇಳೋ ಥರ ಬರೀತೀನಿ, ನೀವು ಕೀಬೋರ್ಡ್ ಮುಂದೆ ಕೂತು ಓದ್ಕೊಳಿ.

ಲಿನಕ್ಸ್ ಸೇರಿದ ಯುನಿಕ್ಸ್ ಕುಟುಂಬದ ಗ್ರಾಫಿಕ್ಸ್ ಅಂದ್ರೆ ಎಕ್ಸ್ ವಿಂಡೋ ಸಿಸ್ಟಂ. 1984ರಲ್ಲಿ ಅಮೆರಿಕದ ಎಂಐಟಿಯಲ್ಲಿ ಶುರುವಾಗಿದ್ದು, ಈಗ ನಾವು ಬಳಸೋ ಎಕ್ಸ್ 11 ಅನ್ನೋ ರೂಪ ಬಂದಿದ್ದು 1987ರಲ್ಲಿ. ಅವತ್ತು ಅವರ ಮುಂದೆ ಇದ್ದಿದ್ದು ನಿಮ್ಮದೇ ಸಮಸ್ಯೆ: ಲೆಕ್ಕ ಮಾಡೋ ದೊಡ್ಡ ಮಷೀನು ಒಂದು ಕಡೆ, ನೋಡೋ ಮನುಷ್ಯ ಇನ್ನೊಂದು ಕಡೆ. ಅದಕ್ಕೆ ಅವರು ಕೆಲಸಾನ ಎರಡು ಭಾಗ ಮಾಡಿದ್ರು. ಸ್ಕ್ರೀನು ಕೀಬೋರ್ಡು ಮೌಸು ಇಷ್ಟನ್ನೂ ಇಟ್ಕೊಂಡು ಕೂತಿರೋದು ಎಕ್ಸ್ ಸರ್ವರ್, ಅದರ ಹತ್ರ ಬಂದು ‘ಇಲ್ಲೊಂದು ಗೆರೆ ಎಳಿ, ಇಲ್ಲೊಂದು ಅಕ್ಷರ ಬರಿ’ ಅಂತ ಕೇಳ್ಕೊಳೋ ಪ್ರೋಗ್ರಾಂ ಕ್ಲೈಂಟು. ಇಲ್ಲೇ ಎಲ್ಲರೂ ಎಡವೋದು. ಸರ್ವರ್ ಅಂದ ತಕ್ಷಣ ನಮ್ಮ ತಲೆಗೆ ಬರೋದು ಪುಣೆಯ ಎಸಿ ರೂಮಿನಲ್ಲಿರೋ ಡಬ್ಬಿ, ಆದ್ರೆ ಎಕ್ಸ್ ಲೆಕ್ಕದಲ್ಲಿ ಸರ್ವರ್ ನಿಮ್ಮ ಮಡಿಲಲ್ಲಿರೋ ಲ್ಯಾಪ್‌ಟಾಪು, ಪುಣೆಯ ಡಬ್ಬಿ ಮೇಲೆ ಓಡೋ ಪ್ರೋಗ್ರಾಂ ಅದರ ಮನೆಗೆ ಬರೋ ನೆಂಟ. ನೆಂಟರಿಗೆ ಬೇಕಾಗಿರೋದು ಎರಡೇ, ಮನೆ ವಿಳಾಸ ಮತ್ತೆ ಬಾಗಿಲಿನ ಕೀಲಿ. ವಿಳಾಸ ಅಂದ್ರೆ ಡಿಸ್‌ಪ್ಲೇ ಅನ್ನೋ ವೇರಿಯಬಲ್, ಕೀಲಿ ಅಂದ್ರೆ ಮ್ಯಾಜಿಕ್ ಕುಕಿ ಅಂತ ಕರಿಯೋ ಒಂದು ಉದ್ದ ನಂಬರು, ಅದು ಸಾಮಾನ್ಯವಾಗಿ ನಿಮ್ಮ ಹೋಮ್ ಡೈರೆಕ್ಟರಿಯಲ್ಲಿ ಡಾಟ್ ಎಕ್ಸ್‌ಅಥಾರಿಟಿ ಅನ್ನೋ ಫೈಲಿನಲ್ಲಿರುತ್ತೆ. ಯಾವ ಎರರ್ ಬಂದ್ರೂ ಮೊದಲು ಕೇಳ್ಕೊಬೇಕಾದ್ದು ಇದು ಯಾವ ಮಷೀನಿನ ಕೆಲಸ, ವಿಳಾಸ ತಪ್ಪಿದ್ಯಾ ಕೀಲಿ ತಪ್ಪಿದ್ಯಾ ಅಂತ.

ಈಗ ನಿಮ್ಮ ಎರರ್ ಮೆಸೇಜನ್ನ ಹತ್ತಿರದಿಂದ ನೋಡಿ. ‘ಕಾಂಟ್ ಓಪನ್ ಡಿಸ್‌ಪ್ಲೇ’ ಆದ್ಮೇಲೆ ‘ಕೋಲನ್ ಸೊನ್ನೆ’ ಅಂತ ಇದೆಯಲ್ಲ, ಉತ್ತರ ಆ ಬಾಲದಲ್ಲೇ ಇದೆ, ನೀವೇ ಬರೆದು ಕಳಿಸಿದ್ದೀರಿ. ಡಿಸ್‌ಪ್ಲೇ ವಿಳಾಸದಲ್ಲಿ ಕೋಲನ್ನಿನ ಹಿಂದೆ ಮಷೀನಿನ ಹೆಸರು, ಮುಂದೆ ಸ್ಕ್ರೀನಿನ ನಂಬರು. ಹಿಂದೆ ಏನೂ ಇಲ್ಲ ಅಂದ್ರೆ ‘ನಾನು ಓಡ್ತಿರೋ ಇದೇ ಮಷೀನು’ ಅಂತ ಅರ್ಥ. ನಿಮ್ಮ ಪ್ರೋಗ್ರಾಂ ಓಡ್ತಿರೋದು ಪುಣೆಯಲ್ಲಿ, ಹಾಗಾಗಿ ಅದು ಪುಣೆಯ ಆ ಡಬ್ಬಿಗೆ ಅಂಟಿಸಿರೋ ಸ್ಕ್ರೀನನ್ನ ಹುಡುಕ್ತಿದೆ. ಅಲ್ಲಿ ಸ್ಕ್ರೀನೇ ಇಲ್ಲ! ವಾಸ್ಕೋದಲ್ಲಿ ನೀವು ಕಾಯ್ತಾ ಇದ್ದೀರಿ, ಅದು ಪುಣೆಯ ಗೋಡೆಗೆ ತಲೆ ಚಚ್ಕೊಳ್ತಾ ಇದೆ.

ಈ ‘ಕೋಲನ್ ಸೊನ್ನೆ’ ಎಲ್ಲಿಂದ ಬಂತು? ಎಸ್‌ಎಸ್‌ಎಚ್, ಅಂದ್ರೆ ದೂರದ ಮಷೀನಿಗೆ ಲಾಗಿನ್ ಆಗೋಕೆ ನೀವು ಬಳಸೋ ಪ್ರೋಗ್ರಾಂ, ಅದನ್ನ ಯಾವತ್ತೂ ಹಾಗೆ ಇಡಲ್ಲ. ನನಗೆ ಗ್ಯಾರಂಟಿ ಅನ್ಸೋದು ಆ ಸೀನಿಯರ್ ಬ್ಯಾಶ್‌ಆರ್‌ಸಿ ಫೈಲಿನದೇ ಕೆಲಸ ಅಂತ. ಪುಣೆಯ ಸರ್ವರಿನಲ್ಲಿ ನಿಮ್ಮ ಹೋಮ್ ಡೈರೆಕ್ಟರಿಗೆ ಹೋಗಿ ಗ್ರೆಪ್ ಕೊಟ್ಟು ಡಾಟ್ ಬ್ಯಾಶ್‌ಆರ್‌ಸಿ, ಡಾಟ್ ಪ್ರೊಫೈಲ್, ಡಾಟ್ ಬ್ಯಾಶ್ ಅಂಡರ್‌ಸ್ಕೋರ್ ಪ್ರೊಫೈಲ್ ಮೂರರಲ್ಲೂ ದೊಡ್ಡಕ್ಷರದ ಡಿಸ್‌ಪ್ಲೇ ಅನ್ನೋ ಪದ ಹುಡುಕಿ. ‘ಎಕ್ಸ್‌ಪೋರ್ಟ್ ಡಿಸ್‌ಪ್ಲೇ ಈಕ್ವಲ್ ಕೋಲನ್ ಸೊನ್ನೆ’ ಅಂತ ಒಂದು ಲೈನ್ ಇದ್ದೇ ಇರುತ್ತೆ, ಅದರ ಮುಂದೆ ಒಂದು ಹ್ಯಾಶ್ ಹಾಕಿ ಅದನ್ನ ಮಲಗಿಸಿ. ಆ ಸೀನಿಯರ್ ತಪ್ಪು ಮಾಡಿದ್ರು ಅಂತಲ್ಲ, ಅವರು ಮಷೀನಿನ ಮುಂದೆಯೇ ಕೂತು ಕೆಲಸ ಮಾಡ್ತಿದ್ರೇನೋ, ಅವರಿಗೆ ಅದು ಸರಿಯೇ. ನಿಮಗೆ ಆಗೋದು ಏನಂದ್ರೆ ಎಸ್‌ಎಸ್‌ಎಚ್ ಪಾಪ ಸರಿಯಾದ ವಿಳಾಸ ಬರೆದು ಇಟ್ಟಿರುತ್ತೆ, ಅದಾದ್ಮೇಲೆ ಬ್ಯಾಶ್‌ಆರ್‌ಸಿ ಓದೋದು, ಅದು ಬಂದು ವಿಳಾಸಾನ ಅಳಿಸಿ ತನ್ನದು ಬರೆಯುತ್ತೆ. ಬೇರೆಯವರ ಡಾಟ್ ಫೈಲನ್ನ ಒಂದೊಂದು ಲೈನಿಗೂ ಅರ್ಥ ಗೊತ್ತಿಲ್ದೆ ತಗೋಬಾರದು, ಇದನ್ನ ನಾನು ನಮ್ಮ ಲ್ಯಾಬಿಗೆ ಬರೋ ಪ್ರತಿ ಹೊಸಬರಿಗೂ ಹೇಳ್ತೀನಿ.

ಲೈನ್ ತೆಗೆದ ಮೇಲೆ ಲಾಗೌಟ್ ಆಗಿ ಲ್ಯಾಪ್‌ಟಾಪಿನಿಂದ ಮತ್ತೆ ಹೋಗಿ: ಎಸ್‌ಎಸ್‌ಎಚ್, ಸ್ಪೇಸ್, ಮೈನಸ್, ದೊಡ್ಡಕ್ಷರದ ಎಕ್ಸ್, ಆಮೇಲೆ ನಿಮ್ಮ ಹೆಸರು ಮತ್ತೆ ಸರ್ವರ್ ಹೆಸರು. ಚಿಕ್ಕಕ್ಷರದ ಎಕ್ಸ್ ಹಾಕಿದ್ರೆ ಉಲ್ಟಾ, ಕಿಟಕಿ ಕಳಿಸೋದನ್ನ ಬಂದ್ ಮಾಡು ಅಂತ ಅರ್ಥ, ಆ ಒಂದು ಅಕ್ಷರಕ್ಕೆ ಅರ್ಧ ದಿನ ಕಳೆದವರನ್ನ ನೋಡಿದ್ದೀನಿ. ಒಳಗೆ ಹೋದ್ಮೇಲೆ ಎಕೋ ಡಾಲರ್ ಡಿಸ್‌ಪ್ಲೇ ಕೊಡಿ, ‘ಲೋಕಲ್‌ಹೋಸ್ಟ್ ಕೋಲನ್ 10 ಡಾಟ್ 0’ ಅಂತ ಬರಬೇಕು, 11 ಅಥವಾ 12 ಬಂದ್ರೂ ಸರಿ, ನಿಮಗಿಂತ ಮುಂಚೆ ಬೇರೆ ಯಾರೋ ಬಂದು ಕೂತಿದ್ದಾರೆ ಅಂತ. ಇದು ಎಸ್‌ಎಸ್‌ಎಚ್ ತೋಡಿರೋ ಸುರಂಗದ ಬಾಯಿ, ಅದರೊಳಗೆ ಹೋದದ್ದು ನಿಮ್ಮ ಲ್ಯಾಪ್‌ಟಾಪಿನ ಸ್ಕ್ರೀನಿನಲ್ಲಿ ಬಂದು ಏಳುತ್ತೆ. ಈ ನಂಬರನ್ನ ನೀವು ಕೈಯಾರೆ ಯಾವ ಫೈಲಿಗೂ ಬರೀಬೇಡಿ, ನಾಳೆ ಅದು ಬದಲಾಗಿರುತ್ತೆ.

ಏನೂ ಬರ್ಲಿಲ್ಲ, ಖಾಲಿ ಲೈನ್ ಬಂತು ಅಂದ್ರೆ ಆಗ ಸರ್ವರ್ ಕಡೆ ನೋಡ್ಬೇಕು. ಎಸ್‌ಎಸ್‌ಎಚ್ ಜೊತೆ ಮೈನಸ್ ಚಿಕ್ಕ ವಿ ಸೇರಿಸಿ ಇನ್ನೊಂದು ಸಲ ಹೋಗಿ, ತುಂಬಾ ಮಾತಾಡುತ್ತೆ, ಅದರಲ್ಲಿ ‘ಎಕ್ಸ್ 11 ಫಾರ್ವರ್ಡಿಂಗ್ ರಿಕ್ವೆಸ್ಟ್ ಫೇಲ್ಡ್’ ಅಂತ ಇದ್ರೆ ಕಾರಣ ಸಾಮಾನ್ಯವಾಗಿ ಎರಡರಲ್ಲೊಂದು. ಒಂದೋ ಸರ್ವರಿನ ಎಸ್‌ಎಸ್‌ಎಚ್‌ಡಿ ಕಾನ್ಫಿಗ್ ಫೈಲಿನಲ್ಲಿ ಎಕ್ಸ್ 11 ಫಾರ್ವರ್ಡಿಂಗ್ ‘ನೋ’ ಅಂತಿದೆ, ಇಲ್ಲಾ ಸರ್ವರಿನಲ್ಲಿ ಕೀಲಿ ಬರೆದಿಡೋ ಎಕ್ಸ್‌ಆಥ್ ಅನ್ನೋ ಸಣ್ಣ ಪ್ಯಾಕೇಜೇ ಹಾಕಿಲ್ಲ. ಎರಡನೇದು ಸ್ಕ್ರೀನಿಲ್ದೆ ಇರೋ ಸರ್ವರ್‌ಗಳಲ್ಲಿ ಬಹಳ, ಹಾಕೋವಾಗ ‘ಇದಕ್ಕೆ ಗ್ರಾಫಿಕ್ಸ್ ಯಾಕೆ’ ಅಂತ ಎಕ್ಸ್ ಸಂಬಂಧದ್ದೆಲ್ಲಾ ಬಿಟ್ಟಿರ್ತಾರೆ. ಇವೆರಡೂ ನಿಮ್ಮ ಕೈಲಿಲ್ಲ, ಅಡ್ಮಿನ್‌ಗೆ ಒಂದು ಮೇಲ್ ಹಾಕಿ, ಆ ಎರರ್ ಲೈನನ್ನ ಹಾಗೇ ಅಂಟಿಸಿ ಕಳಿಸಿ. ‘ಕಿಟಕಿ ಬರ್ತಿಲ್ಲ’ ಅಂತ ಬರೆದ್ರೆ ನಾಲ್ಕು ದಿನ, ಲೈನ್ ಅಂಟಿಸಿದ್ರೆ ನಾಲ್ಕು ನಿಮಿಷ, ನಾನೇ ಆ ಕುರ್ಚಿಯಲ್ಲಿ ಕೂತವಳು ಹೇಳ್ತಿದ್ದೀನಿ.

ಇನ್ನೊಂದು ಕಾರಣ ಇದೆ, ಅದು ನನಗೆ ಪಾಠ ಕಲಿಸಿದ್ದು. ಕೆಲವು ವರ್ಷದ ಹಿಂದೆ ಇಲ್ಲೇ ಪುಣೆಯ ಒಂದು ಲ್ಯಾಬಿನಲ್ಲಿ ಸೋಮವಾರ ಬೆಳಿಗ್ಗೆ ಅರ್ಧ ಜನಕ್ಕೆ ಕಿಟಕಿ ಬರ್ತಿರ್ಲಿಲ್ಲ, ಶುಕ್ರವಾರ ಸಂಜೆ ತನಕ ಎಲ್ಲಾ ಸರಿ ಇತ್ತು. ನಾನು ಎರಡು ಗಂಟೆ ಎಸ್‌ಎಸ್‌ಎಚ್ ಸೆಟ್ಟಿಂಗ್ ಕೆದಕಿದೆ, ರೀಸ್ಟಾರ್ಟ್ ಮಾಡಿದೆ, ಹಿಂದಿನ ವಾರದ ಅಪ್‌ಡೇಟ್‌ಗೆ ಶಾಪ ಹಾಕಿದೆ. ಕೊನೆಗೆ ಒಬ್ಬ ಹುಡುಗ ಲಾಗಿನ್ ಆಗ್ತಿದ್ದಾಗ ಪಕ್ಕದಲ್ಲಿ ನಿಂತು ನೋಡಿದೆ, ಸ್ವಾಗತದ ಸಂದೇಶ ಉದ್ದಕ್ಕೆ ಓಡಿ ಹೋಗೋದರ ನಡುವೆ ಒಂದೇ ಒಂದು ಲೈನ್, ‘ಎರರ್ ಇನ್ ಲಾಕಿಂಗ್ ಅಥಾರಿಟಿ ಫೈಲ್’. ಡಿಎಫ್ ಕೊಟ್ಟು ನೋಡಿದ್ರೆ ಹೋಮ್ ಡಿಸ್ಕು ನೂರಕ್ಕೆ ನೂರು ತುಂಬಿತ್ತು, ಯಾರದ್ದೋ ಲೆಕ್ಕ ಶನಿವಾರ ಭಾನುವಾರ ಎಲ್ಲಾ ಓಡಿ ಔಟ್‌ಪುಟ್ ಸುರಿದಿತ್ತು. ಕುಕಿ ಬರೆಯೋಕೆ ಜಾಗ ಇಲ್ಲ, ಕುಕಿ ಇಲ್ಲ ಅಂದ್ರೆ ಕೀಲಿ ಇಲ್ಲ, ಕೀಲಿ ಇಲ್ಲ ಅಂದ್ರೆ ಕಿಟಕಿ ಇಲ್ಲ. ಜಾಗ ಮಾಡಿದ ಮೇಲೂ ಕೆಲವರಿಗೆ ಬರ್ಲಿಲ್ಲ, ಯಾಕಂದ್ರೆ ಡಾಟ್ ಎಕ್ಸ್‌ಅಥಾರಿಟಿ ಹೆಸರಿನ ಕೊನೆಗೆ ಮೈನಸ್ ಸಿ, ಮೈನಸ್ ಎಲ್ ಅಂತ ಎರಡು ಬೀಗದ ಫೈಲು ಹಾಗೇ ಉಳ್ಕೊಂಡಿದ್ವು, ಅವನ್ನ ಅಳಿಸಿದ ಮೇಲೆ ಸರಿ ಹೋಯ್ತು. ಅವತ್ತಿಂದ ನಾನು ಯಾವ ಎರರಿನಲ್ಲೂ ಮೊದಲ ಲೈನ್ ಹುಡುಕ್ತೀನಿ. ಕೊನೇ ಲೈನ್ ಬರೀ ನರಳಾಟ, ಪೆಟ್ಟು ಬಿದ್ದಿರೋದು ಮೇಲೆಲ್ಲೋ ಇರುತ್ತೆ.

ಎಕ್ಸ್‌ಹೋಸ್ಟ್ ಪ್ಲಸ್ ಕೊಟ್ಟೆ ಅಂದ್ರಲ್ಲ, ಅದನ್ನ ಇವತ್ತೇ ವಾಪಸ್ ತಗೊಳ್ಳಿ, ಲ್ಯಾಪ್‌ಟಾಪಿನಲ್ಲಿ ಎಕ್ಸ್‌ಹೋಸ್ಟ್ ಮೈನಸ್ ಅಂತ ಕೊಟ್ರೆ ಸಾಕು. ಪ್ಲಸ್ ಅಂದ್ರೆ ಬಾಗಿಲು ತೆಗೆದಿಟ್ಟು ಊರಿಗೆಲ್ಲಾ ಬನ್ನಿ ಅಂದ ಹಾಗೆ. ಎಕ್ಸ್ 11ರ ಲೋಕದಲ್ಲಿ ಒಮ್ಮೆ ಒಳಗೆ ಬಂದ ಪ್ರೋಗ್ರಾಂ ಬೇರೆ ಕಿಟಕಿಯಲ್ಲಿ ನೀವು ಟೈಪ್ ಮಾಡೋ ಪಾಸ್‌ವರ್ಡ್ ಕೂಡ ಓದಬಹುದು, ಸ್ಕ್ರೀನಿನ ಚಿತ್ರ ತೆಗೀಬಹುದು. ಇಷ್ಟಾಗಿಯೂ ಅದರಿಂದ ನಿಮ್ಮ ಕೆಲಸ ಆಗ್ಲಿಲ್ಲ ಯಾಕೆ ಅಂದ್ರೆ ಆ ಸಲಹೆ ಹಳೇ ಕಾಲದ್ದು, ಎಲ್ಲಾ ಮಷೀನೂ ಒಂದೇ ರೂಮಿನಲ್ಲಿದ್ದು 6000ನೇ ಪೋರ್ಟ್ ತೆಗೆದಿಟ್ಕೊಂಡಿದ್ದ ಕಾಲ. 2015ರಲ್ಲಿ ಬಂದ ಎಕ್ಸ್ ಸರ್ವರ್ 1.17ರಿಂದ ಆ ಪೋರ್ಟ್ ತಾನಾಗೇ ಮುಚ್ಚಿರುತ್ತೆ. ಎತ್ತು ಈಯಿತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅಂತಾರಲ್ಲ, ಹಾಗೆ ಹಳೇ ಉತ್ತರಗಳನ್ನ ಜನ ಇನ್ನೂ ಒಬ್ಬರಿಂದ ಒಬ್ಬರು ಕಾಪಿ ಮಾಡ್ತಾ ಇದ್ದಾರೆ, ಬೇಜಾರಾಗುತ್ತೆ.

ಸುಡೋ ಕೂಡ ಹಾಗೇ. ಗ್ರಾಫಿಕ್ ಪ್ರೋಗ್ರಾಮಿಗೆ ಸುಡೋ ಹಾಕಿದ್ರೆ ಅದು ಓಡೋದು ರೂಟ್, ಅಂದ್ರೆ ಮಷೀನಿನ ಯಜಮಾನನ ಹೆಸರಿನಲ್ಲಿ, ರೂಟ್ ಹತ್ರ ನಿಮ್ಮ ಕೀಲಿ ಇಲ್ಲ, ಆಗ ‘ನೋ ಪ್ರೋಟೋಕಾಲ್ ಸ್ಪೆಸಿಫೈಡ್’ ಅಂತ ಬರಬಹುದು. ಈ ಮೆಸೇಜ್ ನೆನಪಿಟ್ಕೊಳ್ಳಿ, ಇದು ಬಂದ್ರೆ ವಿಳಾಸ ಸರಿ ಇದೆ, ಬಾಗಿಲ ತನಕ ಹೋಗಿದ್ದೀರಿ, ಕೀಲಿ ಮಾತ್ರ ಸರಿ ಇಲ್ಲ. ಸುಡೋದಿಂದ ಇನ್ನೊಂದು ಅನಾಹುತ ಏನಂದ್ರೆ ನಿಮ್ಮ ಡಾಟ್ ಎಕ್ಸ್‌ಅಥಾರಿಟಿ ಫೈಲು ಕೆಲವೊಮ್ಮೆ ರೂಟ್ ಹೆಸರಿಗೆ ಆಗಿಬಿಡುತ್ತೆ, ಆಮೇಲೆ ನಿಮ್ಮ ಫೈಲನ್ನ ನೀವೇ ಬರೆಯೋಕಾಗಲ್ಲ. ಕ್ಸುಬುಂಟು ಅನ್ನೋ ಉಬುಂಟುವಿನ ಇನ್ನೊಂದು ರೂಪ, ಅಂಥದ್ರಲ್ಲಿ ಪಾಸ್‌ವರ್ಡ್ ಸರಿ ಕೊಟ್ರೂ ಮತ್ತೆ ಲಾಗಿನ್ ಪರದೆಗೇ ಬಂದು ನಿಲ್ಲೋದು ಇದಕ್ಕೇ. ಹೋಮ್ ಡೈರೆಕ್ಟರಿಯಲ್ಲಿ ಎಲ್‌ಎಸ್ ಮೈನಸ್ ಎಲ್‌ಎ ಕೊಟ್ಟು ನೋಡಿ, ಅದರ ಮುಂದೆ ರೂಟ್ ಅಂತ ಇದ್ರೆ ಚೌನ್ ಮಾಡಿ ನಿಮ್ಮ ಹೆಸರಿಗೆ ತಗೊಳ್ಳಿ. ಪುಣೆಯ ಸರ್ವರಿನಲ್ಲೂ ಒಮ್ಮೆ ನೋಡಿ.

ಗೆಳತಿಯ ಮ್ಯಾಕ್ ವಿಷಯ ಸುಲಭ. ಅವರಿಗೆ ‘ಸ್ವಲ್ಪ ಹೊತ್ತು’ ಅಂದ್ರೆ ಇಪ್ಪತ್ತು ನಿಮಿಷ ಇರಬೇಕು, ಗಡಿಯಾರ ನೋಡೋಕೆ ಹೇಳಿ. ದೊಡ್ಡ ಎಕ್ಸ್‌ನಲ್ಲಿ ಹೋದವರನ್ನ ಎಸ್‌ಎಸ್‌ಎಚ್ ಪೂರ್ತಿ ನಂಬಲ್ಲ, ತಾತ್ಕಾಲಿಕ ಕೀಲಿ ಕೊಡುತ್ತೆ, ಅದರ ಆಯಸ್ಸು 20 ನಿಮಿಷ, ಆಮೇಲೆ ಹೊಸ ಕಿಟಕಿಗೆ ಇಲ್ಲ ಅನ್ನುತ್ತೆ. ಡೆಬಿಯನ್ ಅನ್ನೋ ಇನ್ನೊಂದು ಲಿನಕ್ಸಿನವರು, ಉಬುಂಟುದವರು ಈ ಸೆಟ್ಟಿಂಗನ್ನ ತಾವೇ ಸಡಿಲ ಮಾಡಿ ಕೊಟ್ಟಿರ್ತಾರೆ, ಅದಕ್ಕೆ ನಿಮಗೆ ಇದು ಬರಲ್ಲ. ಅವರು ದೊಡ್ಡಕ್ಷರದ ವೈ ಹಾಕಿ ಹೋಗಲಿ, ಆದ್ರೆ ವೈ ಅಂದ್ರೆ ‘ಆ ಸರ್ವರನ್ನ ಪೂರ್ತಿ ನಂಬ್ತೀನಿ’ ಅಂತ, ನಂಬಿಕೆ ಇರೋ ನಿಮ್ಮದೇ ಸರ್ವರಿಗೆ ಮಾತ್ರ.

ಇನ್ನು ‘ನೋ ಸಚ್ ಫೈಲ್’. ಈ ಮೆಸೇಜಿನಷ್ಟು ದಾರಿ ತಪ್ಪಿಸೋದು ಇನ್ನೊಂದಿಲ್ಲ, ಫೈಲ್ ಕಣ್ಣೆದುರು ಇದೆ, ಎಲ್‌ಎಸ್‌ಗೆ ಕಾಣುತ್ತೆ, ಓಡಿಸಿದ್ರೆ ಇಲ್ಲ ಅನ್ನುತ್ತೆ, ಯಾರಿಗಾದ್ರೂ ತಲೆ ಕೆಡುತ್ತೆ. ಫೈಲ್ ಅನ್ನೋ ಹೆಸರಿನದೇ ಒಂದು ಕಮ್ಯಾಂಡ್ ಇದೆ, ಆ ಪ್ರೋಗ್ರಾಂ ಮೇಲೆ ಅದನ್ನ ಓಡಿಸಿ. ‘ಇಎಲ್‌ಎಫ್ 32 ಬಿಟ್, ಇಂಟೆಲ್ 80386’ ಅಂತ ಬರುತ್ತೆ, ಮುಂದೆ ‘ಇಂಟರ್‌ಪ್ರೆಟರ್’ ಅಂತ ಎಲ್‌ಡಿ ಲಿನಕ್ಸ್ ಡಾಟ್ ಎಸ್‌ಓ ಡಾಟ್ 2 ಹೆಸರು ಇರುತ್ತೆ. ಸಿಗ್ತಿಲ್ಲ ಅಂತ ಹೇಳ್ತಿರೋದು ನಿಮ್ಮ ಪ್ರೋಗ್ರಾಂ ಅಲ್ಲ, ಈ ಎರಡನೇ ಫೈಲು. ಪ್ರೋಗ್ರಾಮನ್ನ ಕೈ ಹಿಡಿದು ಮೆಮೊರಿಗೆ ಹತ್ತಿಸೋದು ಅದರ ಕೆಲಸ, ಬರೀ 64 ಬಿಟ್ ಉಬುಂಟುವಿನಲ್ಲಿ ಅದು ಇರಲ್ಲ. ಲ್ಯಾಬಿನ ಇನ್ನೊಂದು ಮಷೀನಿನಲ್ಲಿ ಯಾರೋ ಅದನ್ನ ಮೊದಲೇ ಹಾಕಿಟ್ಟಿದ್ರು, ಅದಕ್ಕೆ ಅಲ್ಲಿ ಒಂದು ಮೆಟ್ಟಿಲು ಮುಂದೆ ಹೋಗಿ ಲಿಬ್‌ಎಕ್ಸ್‌ಎಂ ಹತ್ರ ನಿಲ್ತು.

ಪ್ಯಾಕೇಜ್ ಹಾಕೋ ಡಿಪಿಕೆಜಿಗೆ ಐ386, ಅಂದ್ರೆ 32 ಬಿಟ್, ಆರ್ಕಿಟೆಕ್ಚರ್ ಸೇರಿಸಿ ಲಿಬ್‌ಸಿ6 ಹಾಕಿ ಅಂತ ಎಲ್ಲರೂ ಹೇಳ್ತಾರೆ, ಅಷ್ಟು ಆಗುತ್ತೆ. ಆದ್ರೆ ಉಬುಂಟುದವರು 19.10ರಿಂದ 32 ಬಿಟ್ ಪ್ಯಾಕೇಜುಗಳನ್ನ ಆಯ್ದ ಕೆಲವಕ್ಕೆ ಮಾತ್ರ ಇಳಿಸಿದ್ದಾರೆ, ಹಳೇ ಗ್ರಾಫಿಕ್ಸ್ ಲೈಬ್ರರಿ ಎಲ್ಲಾ ಸಿಗುತ್ತೆ ಅಂತ ನಂಬ್ಕೊಂಡು ಕೂರಬೇಡಿ. 24.04ರಲ್ಲಿ ಇನ್ನೊಂದು ತೊಡಕು, ಎಷ್ಟೋ ಲೈಬ್ರರಿ ಪ್ಯಾಕೇಜಿನ ಹೆಸರಿಗೆ ಟಿ64 ಅಂತ ಬಾಲ ಬಂದಿದೆ, ಹಳೇ ಹೆಸರು ಹೊಡೆದ್ರೆ ಇಲ್ಲ ಅನ್ನಬಹುದು, ಎಪಿಟಿ ಸರ್ಚ್ ಮಾಡಿ ನೋಡಿ.

ಲಿಬ್‌ಎಕ್ಸ್‌ಎಂ ಅಂದ್ರೆ ಮೋಟಿಫ್, ತೊಂಬತ್ತರ ದಶಕದ ಯುನಿಕ್ಸಿನ ಬಟನ್ನು ಮೆನು ಎಲ್ಲಾ ಬರ್ತಿದ್ದ ಲೈಬ್ರರಿ. ಕೊನೇಲಿರೋ ನಂಬರು ಅಲಂಕಾರಕ್ಕೆ ಇರೋದಲ್ಲ. ಓಪನ್‌ಮೋಟಿಫ್ 2.2ಕ್ಕೆ 3, 2.3ಕ್ಕೆ 4. ನಂಬರ್ ಬದಲಾಯ್ತು ಅಂದ್ರೆ ಲೈಬ್ರರಿ ಬರೆದವರು ‘ಒಳಗಿನ ಕಟ್ಟು ಬದಲಾಗಿದೆ, ಹಳೇ ಪ್ರೋಗ್ರಾಂ ಇದನ್ನ ಬಳಸಬೇಡ’ ಅಂತ ಬರೆದು ಅಂಟಿಸಿದ ಹಾಗೆ. ನೀವು ಲಿಂಕ್ ಮಾಡಿದ್ದು ಆ ಚೀಟಿ ಕಿತ್ತು ಬೇರೆ ಚೀಟಿ ಅಂಟಿಸಿದ್ದು. ಮೊದಲ ಕಿಟಕಿ ತೆರೀತು ಯಾಕಂದ್ರೆ ಅಷ್ಟರಲ್ಲಿ ಬಳಸಿದ ಜಾಗ ಎರಡರಲ್ಲೂ ಹೊಂದಿಕೊಂಡಿರಬೇಕು, ಮೆನು ಒತ್ತಿದಾಗ ಪ್ರೋಗ್ರಾಂ ಒಂದು ಕಡೆ ಕೈ ಹಾಕಿತು, ಅಲ್ಲಿ ಬೇರೆ ಏನೋ ಇತ್ತು, ಸತ್ತಿತು. ಸತ್ತಿದ್ದೇ ಒಳ್ಳೇದಾಯ್ತು, ಸಾಯದೆ ತಪ್ಪು ಗ್ರಾಫ್ ಬರೆದಿದ್ರೆ ನಿಮ್ಮ ಥೀಸಿಸ್‌ನಲ್ಲಿ ಹೋಗಿ ಕೂರ್ತಿತ್ತು. ಆ ಲಿಂಕ್ ಅಳಿಸಿ, ಎಲ್‌ಡಿಕಾನ್ಫಿಗ್ ಒಮ್ಮೆ ಓಡಿಸಿ.

ಆ ಹಳೇ ಬೈನರಿ ಬೇಕೇ ಬೇಕು ಅಂದ್ರೆ ಸರಿಯಾದ ದಾರಿ ಹೀಗೆ. ಎಲ್‌ಡಿಡಿ ಕಮ್ಯಾಂಡ್ ಕೊಟ್ರೆ ಆ ಪ್ರೋಗ್ರಾಮಿಗೆ ಬೇಕಾದ ಲೈಬ್ರರಿಗಳ ಪಟ್ಟಿ ಬರುತ್ತೆ, ‘ನಾಟ್ ಫೌಂಡ್’ ಅಂತ ಇರೋವು ಮಾತ್ರ ಕೊರತೆ. ಆ ಹಳೇ ಲೈಬ್ರರಿಗಳನ್ನ ಪ್ರೋಗ್ರಾಂ ಇರೋ ಫೋಲ್ಡರಿನಲ್ಲೇ ಒಂದು ಲಿಬ್ ಫೋಲ್ಡರ್ ಮಾಡಿ ಇಡಿ, ಎರಡು ಲೈನಿನ ಶೆಲ್ ಸ್ಕ್ರಿಪ್ಟ್ ಬರೆದು ಅದರೊಳಗೆ ಎಲ್‌ಡಿ ಲೈಬ್ರರಿ ಪಾತ್ ಸೆಟ್ ಮಾಡಿ ಅಲ್ಲಿಂದಲೇ ಪ್ರೋಗ್ರಾಂ ಕರೀರಿ. ಆ ಪಾತನ್ನ ಬ್ಯಾಶ್‌ಆರ್‌ಸಿಗೆ ಮಾತ್ರ ಹಾಕ್ಬೇಡಿ, ಹಾಕಿದ್ರೆ ಮಷೀನಿನ ಉಳಿದೆಲ್ಲಾ ಪ್ರೋಗ್ರಾಮೂ ಇಪ್ಪತ್ತು ವರ್ಷ ಹಳೇ ಲೈಬ್ರರಿ ನುಂಗೋಕೆ ಹೋಗಿ ಒಂದೊಂದಾಗಿ ಬೀಳ್ತವೆ. ಇನ್ನೂ ಶುದ್ಧವಾಗಿ ಬೇಕು ಅಂದ್ರೆ ಒಂದು ಹಳೇ 32 ಬಿಟ್ ಡೆಬಿಯನ್ನನ್ನ ವರ್ಚುವಲ್ ಮಷೀನಿನಲ್ಲಿ ಹಾಕಿ ಅದರೊಳಗೆ ಓಡಿಸಿ, ಡಿಸ್ಕ್ ಜಾಗ ಹೋಗುತ್ತೆ, ತಲೆನೋವು ಹೋಗುತ್ತೆ. ಆದ್ರೆ ನನ್ನ ಅಭಿಪ್ರಾಯ ಕೇಳಿದ್ರೆ ಮೊದಲು ಗೈಡ್ ಹತ್ರ ಹೋಗಿ ಸೋರ್ಸ್ ಇದ್ಯಾ ಅಂತ ಕೇಳಿ, ಇದ್ರೆ ಹೊಸದಾಗಿ ಕಂಪೈಲ್ ಮಾಡೋದು ಎಲ್ಲಕ್ಕಿಂತ ಒಳ್ಳೇದು. ನಿಮ್ಮ ಡೇಟಾ ನೆಟ್‌ಸಿಡಿಎಫ್ ಫೈಲಿನಲ್ಲಿದ್ರೆ ನೋಡೋಕೆ ಎನ್‌ಸಿವ್ಯೂ, ಗೆರೆ ಗ್ರಾಫಿಗೆ ಗ್ರೇಸ್, ಎರಡೂ ಡೆಬಿಯನ್ ಪ್ಯಾಕೇಜಾಗೇ ಇವೆ. ಗ್ರೇಸ್ ಕೂಡ ಮೋಟಿಫ್ ಮೇಲೇ ಕಟ್ಟಿದ್ದು.

ಇಲ್ಲೇ ಇನ್ನೊಂದು ಹೇಳ್ತೀನಿ, ನೀವು ಕೇಳಿಲ್ಲ ಆದ್ರೆ ನಾಳೆ ಕೇಳ್ತೀರಿ. ಪೈಥಾನ್ ಕೆಲಸಕ್ಕೆ ಕೊಂಡಾ ಅನ್ನೋ ಪ್ಯಾಕೇಜ್ ವ್ಯವಸ್ಥೆ ಹಾಕ್ಕೊಂಡಿರ್ತೀರಿ. ಕೊಂಡಾ ತನ್ನ ಜೊತೆಗೆ ತನ್ನದೇ ಸಿ ಪ್ಲಸ್ ಪ್ಲಸ್ ಲೈಬ್ರರಿ ತರುತ್ತೆ, ಅದು ಸಿಸ್ಟಮ್ಮಿನದಕ್ಕಿಂತ ಹಳೇದಾಗಿದ್ರೆ ಗ್ರಾಫಿಕ್ಸ್ ಡ್ರೈವರ್ ಲೋಡ್ ಆಗೋವಾಗ ‘ಜಿಎಲ್‌ಐಬಿಸಿಎಕ್ಸ್‌ಎಕ್ಸ್ ನಾಟ್ ಫೌಂಡ್’ ಅಂತ ಒಂದು ಲೈನ್, ಕೆಳಗೆ ‘ಲಿಬ್‌ಜಿಎಲ್ ಎರರ್, ಫೇಲ್ಡ್ ಟು ಲೋಡ್ ಡ್ರೈವರ್’ ಅಂತ ಹತ್ತು ಲೈನ್ ಬರುತ್ತೆ. ಕೆಳಗಿನದನ್ನ ಓದಿದವರು ಡ್ರೈವರನ್ನ ಕಿತ್ತು ಹಾಕೋಕೆ ಹೋಗ್ತಾರೆ, ಮೇಲಿನದನ್ನ ಓದಿದವರು ಕೊಂಡಾ ಡಿಆಕ್ಟಿವೇಟ್ ಮಾಡಿ ನೋಡ್ತಾರೆ, ಸರಿ ಹೋಗುತ್ತೆ, ಆಮೇಲೆ ಕೊಂಡಾದೊಳಗಿನ ಆ ಲೈಬ್ರರಿ ಅಪ್‌ಡೇಟ್ ಮಾಡ್ತಾರೆ. ಮೋಟಿಫಿನ ಥರದ್ದೇ ಹೊಸ ಲೈಬ್ರರಿ ಕ್ಯೂಟಿ, ಅದನ್ನ ಬಳಸೋ ಪ್ರೋಗ್ರಾಂ ‘ಎಕ್ಸ್‌ಸಿಬಿ ಪ್ಲಗಿನ್ ಸಿಕ್ಕಿತು ಆದ್ರೆ ಲೋಡ್ ಆಗ್ಲಿಲ್ಲ’ ಅಂತ ಅಂದ್ರೂ ಇದೇ ಕಥೆ, ಪ್ಲಗಿನ್ ಇದೆ, ಅದಕ್ಕೆ ಬೇಕಾದ್ದು ಇನ್ನೊಂದು ಇಲ್ಲ. ಕ್ಯೂಟಿ 6.5ರಿಂದ ಅದು ಸಾಮಾನ್ಯವಾಗಿ ಲಿಬ್‌ಎಕ್ಸ್‌ಸಿಬಿ ಕರ್ಸರ್0 ಅನ್ನೋ ಪ್ಯಾಕೇಜು, ಹಾಕಿ.

ಅಕ್ಷರದ ವಿಷಯಕ್ಕೆ ಬರೋಣ, ಇಲ್ಲೂ ಮತ್ತೆ ಅದೇ, ಯಾವ ಮಷೀನು ಅನ್ನೋದು. ಹಳೇ ಎಕ್ಸ್ ಪ್ರೋಗ್ರಾಮುಗಳು ಅಕ್ಷರಾನ ತಾವು ಬರಿಯಲ್ಲ, ‘ಅಡೋಬಿ ಹೆಲ್ವೆಟಿಕಾ, ಇಷ್ಟು ದಪ್ಪ, ಇಷ್ಟು ಎತ್ತರ’ ಅಂತ ಉದ್ದ ಹೆಸರು ಹೇಳಿ ಎಕ್ಸ್ ಸರ್ವರಿನ ಹತ್ರ ಬರೆಸ್ಕೊಳ್ತವೆ. ಅಂದ್ರೆ ಫಾಂಟ್ ಇರಬೇಕಾದ್ದು ಸ್ಕ್ರೀನ್ ಇರೋ ಕಡೆ. ಪ್ರೋಗ್ರಾಂ ಪುಣೆಯಲ್ಲಿ ಓಡಿದ್ರೂ ಫಾಂಟ್ ಹಾಕಬೇಕಾಗಿರೋದು ವಾಸ್ಕೋದ ಲ್ಯಾಪ್‌ಟಾಪಿಗೆ. ‘ಕೆನಾಟ್ ಕನ್ವರ್ಟ್ ಸ್ಟ್ರಿಂಗ್, ಫಾಂಟ್‌ಸ್ಟ್ರಕ್ಟ್’ ಅಂತ ವಾರ್ನಿಂಗ್ ಬಂದ್ರೆ ಎಕ್ಸ್‌ಫಾಂಟ್ಸ್ 75 ಡಿಪಿಐ, ಎಕ್ಸ್‌ಫಾಂಟ್ಸ್ 100 ಡಿಪಿಐ ಎರಡು ಪ್ಯಾಕೇಜ್ ಹಾಕಿ, ಲಾಗೌಟ್ ಆಗಿ ಬನ್ನಿ, ಎಕ್ಸ್‌ಎಲ್‌ಎಸ್‌ಫಾಂಟ್ಸ್ ಕೊಟ್ಟು ಹೆಲ್ವೆಟಿಕಾ ಇದ್ಯಾ ನೋಡಿ. ಇಪ್ಪತ್ತೈದು ವರ್ಷದಿಂದ ಈಚೆ ಬಂದ ಜಿಟಿಕೆ, ಕ್ಯೂಟಿ ಲೈಬ್ರರಿ ಬಳಸೋ ಪ್ರೋಗ್ರಾಮುಗಳು ಉಲ್ಟಾ, ಅವು ಅಕ್ಷರಾನ ತಾವೇ ತಯಾರು ಮಾಡಿ ಚಿತ್ರವಾಗಿ ಕಳಿಸ್ತವೆ, ಅವಕ್ಕೆ ಫಾಂಟ್ ಪ್ರೋಗ್ರಾಂ ಓಡೋ ಕಡೆ ಬೇಕು. ಅಲ್ಲಿ ಚೌಕ ಚೌಕ ಡಬ್ಬಿ ಕಂಡ್ರೆ ಪುಣೆಯ ಅಡ್ಮಿನ್‌ಗೆ ಹೇಳಬೇಕಾಗುತ್ತೆ, ಇಲ್ಲಾ ನಿಮ್ಮ ಹೋಮಿನಲ್ಲೇ ಡಾಟ್ ಫಾಂಟ್ಸ್ ಅಂತ ಫೋಲ್ಡರ್ ಮಾಡಿ ಫಾಂಟ್ ಹಾಕಿ ಎಫ್‌ಸಿ ಕ್ಯಾಶ್ ಓಡಿಸಿದ್ರೂ ಆಗುತ್ತೆ.

ಗ್ರಾಫಿಗೆ ಕನ್ನಡದಲ್ಲಿ ಹೆಸರು ಬರೀಬೇಕು ಅಂತ ಆಸೆ ಇದ್ರೆ, ನನಗಂತೂ ಇದೆ, ಮೋಟಿಫ್ ಪ್ರೋಗ್ರಾಮಿನಲ್ಲಿ ಪ್ರಯತ್ನ ಪಡಬೇಡಿ. ಕನ್ನಡದಲ್ಲಿ ‘ಕಾಳ್ಗಿಚ್ಚು’ ಅಂತ ಬರೆಯೋಕೆ ಅಕ್ಷರ ಒಂದರ ಪಕ್ಕ ಒಂದು ಇಟ್ರೆ ಸಾಲದು, ಒತ್ತು ಕೆಳಗೆ ಹೋಗ್ಬೇಕು, ಗುಣಿತ ಸೇರ್ಕೋಬೇಕು, ಆ ಕೆಲಸ ಮಾಡೋದು ಹಾರ್ಫ್‌ಬಝ್ ಅನ್ನೋ ಲೈಬ್ರರಿ, ಅದು ಮೋಟಿಫಿಗೆ ಗೊತ್ತೇ ಇಲ್ಲ. ಇಂಕ್‌ಸ್ಕೇಪ್ ಥರ ಜಿಟಿಕೆ ಆಧಾರದ್ದರಲ್ಲಿ ಗ್ರಾಫ್ ತೆರೆದು ಹೆಸರು ಬರೀರಿ. ಫಾಂಟಿಗೆ ಡೆಬಿಯನ್ನಿನಲ್ಲಿ ಗುಬ್ಬಿ ಅಂತಾನೂ ನವಿಲು ಅಂತಾನೂ ಎರಡು ಕನ್ನಡದ್ದೇ ಪ್ಯಾಕೇಜ್ ಇವೆ, ಲೋಹಿತ್ ಇದೆ, ನೋಟೋ ಇದೆ, ಹೊಟ್ಟೆ ತುಂಬಾ ಇವೆ.

ಕೊನೆಗೆ ವೇಗ. ಎಕ್ಸ್ ಒಂದೇ ರೂಮಿನ ನೆಟ್‌ವರ್ಕಿಗೆ ಮಾಡಿದ್ದು, ಮೆನು ತೆರೆಯೋಕೆ ಅದು ಎಷ್ಟೋ ಸಲ ಹೋಗಿ ಬಂದು ಕೇಳುತ್ತೆ, ವಾಸ್ಕೋದಿಂದ ಪುಣೆಗೆ ಪ್ರತಿ ಸಲ ಹೋಗಿ ಬರೋದರೊಳಗೆ ನಿಮಗೆ ಆಕಳಿಕೆ ಬರುತ್ತೆ. ಎಸ್‌ಎಸ್‌ಎಚ್‌ಗೆ ದೊಡ್ಡ ಸಿ ಸೇರಿಸಿದ್ರೆ ಡೇಟಾ ಕುಗ್ಗಿಸಿ ಕಳಿಸುತ್ತೆ, ಆದ್ರೆ ಓಡಾಟದ ಸಂಖ್ಯೆ ಕಮ್ಮಿ ಆಗಲ್ಲ. ಮಳೆಗಾಲದಲ್ಲಿ ನಿಮ್ಮ ಕಡೆ ಕರೆಂಟ್ ಹೋಗಿ ವೈಫೈ ಬಿದ್ರೆ ಎಲ್ಲಾ ಕಿಟಕೀನೂ ಸಾಯುತ್ತೆ, ಅದರ ಜೊತೆ ಮೂರು ಗಂಟೆಯ ಲೆಕ್ಕಾನೂ ಹೋಗುತ್ತೆ, ಅದೇ ಹೊಟ್ಟೆ ಉರಿಯೋದು. ಇದಕ್ಕೆ ಎಕ್ಸ್‌ಪ್ರಾ ಅನ್ನೋದು ಬಹಳ ಒಳ್ಳೇದು, ಪ್ರೋಗ್ರಾಮನ್ನ ಸರ್ವರಿನಲ್ಲೇ ಜೀವಂತ ಇಟ್ಟಿರುತ್ತೆ, ನೀವು ಕರೆಂಟ್ ಬಂದ ಮೇಲೆ ಹೋಗಿ ಮತ್ತೆ ಸೇರ್ಕೋಬಹುದು, ಕಿಟಕಿ ಬಿಟ್ಟಲ್ಲೇ ಇರುತ್ತೆ. ಎರಡೂ ಕಡೆ ಹಾಕಿರಬೇಕು, ಅಡ್ಮಿನ್‌ಗೆ ಮೇಲ್ ಬರೆಯೋವಾಗ ಇದನ್ನೂ ಸೇರಿಸಿಬಿಡಿ.

ಇವತ್ತು ರಾತ್ರಿ ನೀವು ಮಾಡಬೇಕಾಗಿರೋದು ಬ್ಯಾಶ್‌ಆರ್‌ಸಿಯ ಆ ಒಂದು ಲೈನ್, ಎಕ್ಸ್‌ಹೋಸ್ಟ್ ಮೈನಸ್, ಆ ಲಿಂಕ್ ಅಳಿಸೋದು, ಇಷ್ಟೇ. ಆಮೇಲೆ ದೊಡ್ಡ ಎಕ್ಸ್ ಹಾಕಿ ಹೋಗಿ ಮೊದಲು ಎಕ್ಸ್‌ಕ್ಲಾಕ್ ಓಡಿಸಿ, ಸರ್ವರಿನಲ್ಲಿ ಅದಿದ್ರೆ, ಒಂದು ಸಣ್ಣ ಗಡಿಯಾರ ಬರುತ್ತೆ. ಮುಳ್ಳಿರೋ ಆ ಗಡಿಯಾರ ಬಂದ್ರೆ ದಾರಿ ಸರಿ ಇದೆ, ಇನ್ನೇನೇ ತೊಂದರೆ ಇದ್ರೂ ಅದು ಆಯಾ ಪ್ರೋಗ್ರಾಮಿನದು. ಬರ್ಲಿಲ್ಲ ಅಂದ್ರೆ ಮೈನಸ್ ವಿ ಹಾಕಿ ಹೋಗಿದ್ದರ ಪೂರ್ತಿ ಔಟ್‌ಪುಟ್, ಮೊದಲ ಲೈನಿನಿಂದ, ಏನೂ ಕತ್ತರಿಸದೆ ನನಗೆ ಕಳಿಸಿ, ಜೊತೆಗೆ ಎಕೋ ಡಾಲರ್ ಡಿಸ್‌ಪ್ಲೇ ಏನಂತು ಅನ್ನೋದನ್ನ ಎರಡೂ ಮಷೀನಿನಲ್ಲಿ ನೋಡಿ ಬರೀರಿ, ಯಾವುದು ಯಾವ ಮಷೀನಿನದು ಅಂತ ಮೇಲೆ ಹೆಸರು ಹಾಕಿ.